ಎರಡು ದೂರದ ಪ್ರಾದೇಶಿಕ ವಿಮಾನ ನಿಲ್ದಾಣಗಳ ನಡುವಿನ ಅಂತರ ಮತ್ತು ಪ್ರಯಾಣದ ಅವಧಿಯನ್ನು ಲೆಕ್ಕ ಹಾಕುವ ಬಗೆ

ನಾರ್ವೆಯಲ್ಲಿ ಆರ್ಕ್ಟಿಕ್ ವೃತ್ತಕ್ಕಿಂತ ಉತ್ತರದಲ್ಲಿರುವ ಟ್ರೋಮ್ಸೊ ವಿಮಾನ ನಿಲ್ದಾಣದಿಂದ ಅರ್ಜೆಂಟೀನಾದ ದಕ್ಷಿಣದ ಕೊನೆಯಲ್ಲಿರುವ ಉಶುವಾಯ ವಿಮಾನ ನಿಲ್ದಾಣಕ್ಕೆ ನೇರ ದೂರ ಸುಮಾರು 15,480 ಕಿಲೋಮೀಟರ್. ದೊಡ್ಡ ಜೆಟ್ ವಿಮಾನ ಗಂಟೆಗೆ 900 ಕಿ.ಮೀ. ವೇಗದಲ್ಲಿ ಹಾರುತ್ತದೆ ಎಂದಿಟ್ಟುಕೊಂಡು ಭಾಗಿಸಿದರೆ 17 ಗಂಟೆ 12 ನಿಮಿಷ ಬರುತ್ತದೆ. ಗುಣಾಕಾರ ಭಾಗಾಕಾರದಲ್ಲಿ ಇಲ್ಲಿ ಯಾವ ತಪ್ಪೂ ಇಲ್ಲ. ಆದರೂ ಈ 17 ಗಂಟೆಯನ್ನು ನಂಬಿ ಪ್ರಯಾಣದ ಯೋಜನೆ ಹಾಕಿದವರು ಇಡೀ ಅರ್ಧ ದಿನಕ್ಕಿಂತ ಹೆಚ್ಚು ಎಡವುತ್ತಾರೆ, ಏಕೆಂದರೆ ಈ ಎರಡು ಊರುಗಳ ನಡುವೆ ನೇರವಾಗಿ ಹಾರುವ ವಿಮಾನವೇ ಇಲ್ಲ. ದೂರವನ್ನು ತೀರ್ಮಾನಿಸುವುದು ಭೂಮಿಯ ಆಕಾರ. ಅವಧಿಯನ್ನು ತೀರ್ಮಾನಿಸುವುದು ವೇಳಾಪಟ್ಟಿ. ದೊಡ್ಡ ನಗರಗಳ ನಡುವೆ ಇವೆರಡೂ ಹೆಚ್ಚುಕಡಿಮೆ ಜೊತೆಯಲ್ಲೇ ಸಾಗುತ್ತವೆ, ಆದರೆ ಸಣ್ಣ ನಿಲ್ದಾಣಗಳ ನಡುವೆ ಒಂದಕ್ಕೊಂದು ಸಂಬಂಧವೇ ಇಲ್ಲದಷ್ಟು ದೂರ ಸರಿಯಬಲ್ಲವು. ಆದ್ದರಿಂದ ಎರಡನ್ನೂ ಬೇರೆ ಬೇರೆಯಾಗಿಯೇ ಲೆಕ್ಕ ಹಾಕಬೇಕು. ಮೇಲಿನ ಜೋಡಿಯನ್ನೇ ಉದಾಹರಣೆಯಾಗಿ ಇಟ್ಟುಕೊಂಡು ಆ ಕ್ರಮವನ್ನು ಇಲ್ಲಿ ವಿವರಿಸಿದ್ದೇನೆ.

ನಿಲ್ದಾಣವನ್ನು ಹೆಸರಿನಿಂದಲ್ಲ, ಸಂಕೇತದಿಂದ ಗುರುತಿಸಿ

ಒಂದೇ ಹೆಸರಿನ ಊರುಗಳು ಜಗತ್ತಿನಲ್ಲಿ ಹಲವಾರು ಇವೆ. ಸ್ಯಾಂಟಿಯಾಗೊ ಎಂಬ ಹೆಸರು ಚಿಲಿಯಲ್ಲಿದೆ, ಕ್ಯೂಬಾದಲ್ಲಿದೆ, ಸ್ಪೇನಿನಲ್ಲೂ ಇದೆ. ಸಿಡ್ನಿ ಎಂಬ ಊರು ಕೆನಡಾದ ನೋವಾ ಸ್ಕೋಷಿಯಾದಲ್ಲೂ ಇದ್ದು, ಆಸ್ಟ್ರೇಲಿಯಾಕ್ಕೆ ಹೋಗಬೇಕಿದ್ದವರು ಅಲ್ಲಿಗೆ ಹೋಗಿ ಇಳಿದ ಪ್ರಸಂಗಗಳು ಒಂದಕ್ಕಿಂತ ಹೆಚ್ಚು ಬಾರಿ ಪತ್ರಿಕೆಗಳಲ್ಲಿ ವರದಿಯಾಗಿವೆ. ಹೀಗಾಗಿ ಮೊದಲ ಕೆಲಸವೆಂದರೆ ಎರಡೂ ನಿಲ್ದಾಣಗಳ ಮೂರಕ್ಷರದ ಸಂಕೇತವನ್ನು ಬರೆದಿಟ್ಟುಕೊಳ್ಳುವುದು. ಟಿಕೆಟ್ ಮತ್ತು ಲಗೇಜ್ ಚೀಟಿಯ ಮೇಲೆ ಕಾಣುವುದು ಇದೇ. ಟ್ರೋಮ್ಸೊಗೆ ಟಿಒಎಸ್, ಉಶುವಾಯಕ್ಕೆ ಯುಎಸ್‌ಎಚ್. ವಿಮಾನ ಚಾಲಕರೂ ಸಂಚಾರ ನಿಯಂತ್ರಕರೂ ಬಳಸುವ ನಾಲ್ಕಕ್ಷರದ ಸಂಕೇತ ಬೇರೆಯೇ ಇದೆ. ಅದರ ಮೊದಲ ಅಕ್ಷರಗಳು ಪ್ರದೇಶವನ್ನು ಸೂಚಿಸುವುದರಿಂದ ಅನುಮಾನ ಬಂದಾಗ ಖಚಿತಪಡಿಸಿಕೊಳ್ಳಲು ಅನುಕೂಲ. ನಾರ್ವೆಯ ನಿಲ್ದಾಣಗಳ ಸಂಕೇತ ಇಎನ್ ಎಂದೂ ಅರ್ಜೆಂಟೀನಾದವು ಎಸ್‌ಎ ಎಂದೂ ಆರಂಭವಾಗುತ್ತವೆ.

ಆ ಬಳಿಕ ಎರಡೂ ನಿಲ್ದಾಣಗಳ ಅಕ್ಷಾಂಶ ಮತ್ತು ರೇಖಾಂಶಗಳನ್ನು ಪಡೆಯಬೇಕು. ಊರಿನ ಅಕ್ಷಾಂಶವನ್ನಲ್ಲ, ನಿಲ್ದಾಣದ್ದನ್ನೇ ತೆಗೆದುಕೊಳ್ಳಿ, ಏಕೆಂದರೆ ಕೆಲವು ನಿಲ್ದಾಣಗಳು ಊರಿನಿಂದ 40–50 ಕಿ.ಮೀ. ಆಚೆ ಇರುತ್ತವೆ. ಈ ಅಂಕಿಗಳು ಸಾಮಾನ್ಯವಾಗಿ ಡಿಗ್ರಿ, ನಿಮಿಷ, ಸೆಕೆಂಡುಗಳಲ್ಲಿ ಸಿಗುತ್ತವೆ. ಉಶುವಾಯ ನಿಲ್ದಾಣ ಇರುವುದು ದಕ್ಷಿಣ ಅಕ್ಷಾಂಶ 54 ಡಿಗ್ರಿ 50 ನಿಮಿಷ 36 ಸೆಕೆಂಡಿನಲ್ಲಿ. ಇದನ್ನು ದಶಮಾಂಶಕ್ಕೆ ತಿರುಗಿಸಲು ನಿಮಿಷವನ್ನು 60ರಿಂದಲೂ ಸೆಕೆಂಡನ್ನು 3,600ರಿಂದಲೂ ಭಾಗಿಸಿ ಡಿಗ್ರಿಗೆ ಕೂಡಿಸಬೇಕು, ಆಗ 54.843 ಸಿಗುತ್ತದೆ. ದಕ್ಷಿಣದ ಅಕ್ಷಾಂಶಕ್ಕೂ ಪಶ್ಚಿಮದ ರೇಖಾಂಶಕ್ಕೂ ಋಣ ಚಿಹ್ನೆ ಹಾಕುವುದು ವಾಡಿಕೆ. ಆದ್ದರಿಂದ ಉಶುವಾಯ −54.843, −68.296, ಟ್ರೋಮ್ಸೊ +69.683, +18.919.

ಋಣ ಚಿಹ್ನೆಯ ಬಗ್ಗೆ ಇಷ್ಟು ಒತ್ತಿ ಹೇಳಲು ಕಾರಣವಿದೆ. ಉಶುವಾಯದ ರೇಖಾಂಶದ ಋಣ ಚಿಹ್ನೆ ಬಿಟ್ಟುಹೋದರೆ ಉತ್ತರ 14,400 ಕಿ.ಮೀ. ಆಸುಪಾಸಿಗೆ ಬರುತ್ತದೆ. ನಿಜವಾದ ದೂರಕ್ಕಿಂತ ಸಾವಿರ ಕಿಲೋಮೀಟರಿಗೂ ಹೆಚ್ಚು ಕಡಿಮೆಯಾದರೂ ನೋಡಿದವರಿಗೆ ಅನುಮಾನ ಬರುವುದಿಲ್ಲ. ಅಕ್ಷಾಂಶದ ಚಿಹ್ನೆ ಬಿಟ್ಟುಹೋದರೆ ಸುಮಾರು 4,340 ಕಿ.ಮೀ. ಎಂಬ ಅಸಂಬದ್ಧ ಸಂಖ್ಯೆ ಬರುವುದರಿಂದ ಅದು ಕೂಡಲೇ ಕಣ್ಣಿಗೆ ಬೀಳುತ್ತದೆ. ನಂಬುವಂತೆ ಕಾಣುವ ಮೊದಲ ತಪ್ಪೇ ಹೆಚ್ಚು ಅಪಾಯಕಾರಿ.

ನೇರ ದೂರವನ್ನು ಕಂಡುಹಿಡಿಯುವುದು

ಗೋಳದ ಮೇಲಿನ ಎರಡು ಬಿಂದುಗಳ ನಡುವಿನ ಅತಿ ಹತ್ತಿರದ ದಾರಿ ಮಹಾವೃತ್ತದ ಕಂಸ. ಗೋಳದ ಕೇಂದ್ರವನ್ನು ಹಾದುಹೋಗುವಂತೆ ಕತ್ತರಿಸಿದಾಗ ಮೇಲ್ಮೈಯಲ್ಲಿ ಮೂಡುವ ವೃತ್ತವೇ ಮಹಾವೃತ್ತ. ಗೋಡೆಯ ಮೇಲಿನ ಚಪ್ಪಟೆ ನಕ್ಷೆಯಲ್ಲಿ ಸ್ಕೇಲು ಇಟ್ಟು ಎಳೆದ ಗೆರೆಯನ್ನೇ ಅತಿ ಹತ್ತಿರದ ದಾರಿ ಎಂದು ತಿಳಿಯಬಾರದು. ಟ್ರೋಮ್ಸೊದಿಂದ ಅಲಾಸ್ಕಾದ ಫೇರ್‌ಬ್ಯಾಂಕ್ಸ್‌ಗೆ ಸಾಮಾನ್ಯ ಮರ್ಕೇಟರ್ ನಕ್ಷೆಯಲ್ಲಿ ಎಳೆದ ನೇರ ಗೆರೆಯನ್ನೇ ಅನುಸರಿಸಿ ಹೋದರೆ ಸುಮಾರು 7,150 ಕಿ.ಮೀ. ಆಗುತ್ತದೆ, ಮಹಾವೃತ್ತದ ದಾರಿ ಸುಮಾರು 5,025 ಕಿ.ಮೀ. ಮಾತ್ರ, ಮತ್ತು ಅದು ಉತ್ತರ ಧ್ರುವದಿಂದ ಸುಮಾರು 300 ಕಿ.ಮೀ. ಅಂತರದಲ್ಲಿ ಹಾದುಹೋಗುತ್ತದೆ. ಮನೆಯಲ್ಲಿ ಗ್ಲೋಬ್ ಇದ್ದರೆ ಎರಡು ಊರುಗಳ ನಡುವೆ ಒಂದು ದಾರವನ್ನು ಬಿಗಿಯಾಗಿ ಹಿಡಿದು ನೋಡಿ. ಇದು ಒಮ್ಮೆ ಮನದಟ್ಟಾದರೆ ಮತ್ತೆ ಮರೆಯುವುದಿಲ್ಲ.

ಲೆಕ್ಕದ ಕ್ರಮ ಹೀಗಿದೆ. ಎರಡೂ ಅಕ್ಷಾಂಶಗಳ ಸೈನ್ ಬೆಲೆಗಳನ್ನು ಪರಸ್ಪರ ಗುಣಿಸಿ. ಬಳಿಕ ಎರಡೂ ಅಕ್ಷಾಂಶಗಳ ಕೊಸೈನ್ ಬೆಲೆಗಳನ್ನು ಗುಣಿಸಿ, ಆ ಗುಣಲಬ್ಧವನ್ನು ರೇಖಾಂಶಗಳ ವ್ಯತ್ಯಾಸದ ಕೊಸೈನ್‌ನಿಂದ ಮತ್ತೊಮ್ಮೆ ಗುಣಿಸಿ. ಈ ಎರಡು ಫಲಿತಾಂಶಗಳನ್ನು ಕೂಡಿಸಿದರೆ, ಭೂಮಿಯ ಕೇಂದ್ರದಲ್ಲಿ ಆ ಎರಡು ನಿಲ್ದಾಣಗಳು ಉಂಟುಮಾಡುವ ಕೋನದ ಕೊಸೈನ್ ದೊರೆಯುತ್ತದೆ. ನಮ್ಮ ಉದಾಹರಣೆಯಲ್ಲಿ ಮೊದಲನೆಯದು −0.7667, ಎರಡನೆಯದು 0.0097, ಮೊತ್ತ −0.7570. ಇದಕ್ಕೆ ಸರಿಹೊಂದುವ ಕೋನ 139.2 ಡಿಗ್ರಿ. ಭೂಮಿಯ ಸರಾಸರಿ ತ್ರಿಜ್ಯವನ್ನು 6,371 ಕಿ.ಮೀ. ಎಂದು ಹಿಡಿದರೆ ಒಂದು ಡಿಗ್ರಿಗೆ 111.195 ಕಿ.ಮೀ. ಆಗುತ್ತದೆ; ಗುಣಿಸಿದರೆ ಸುಮಾರು 15,480 ಕಿ.ಮೀ. ವಾಯುಯಾನದಲ್ಲಿ ಬಳಸುವ ನಾಟಿಕಲ್ ಮೈಲಿಯಲ್ಲಿ ಬೇಕಾದರೆ ಕೋನವನ್ನು 60ರಿಂದ ಗುಣಿಸಿದರೆ ಸಾಕು, 8,352 ಸಿಗುತ್ತದೆ. ಒಂದು ನಾಟಿಕಲ್ ಮೈಲಿ ಎಂದರೆ 1.852 ಕಿ.ಮೀ.

ಸ್ಪ್ರೆಡ್‌ಶೀಟಿನಲ್ಲಿ ಈ ಲೆಕ್ಕ ಮಾಡುವವರು ಒಂದು ವಿಷಯವನ್ನು ಮರೆಯಬಾರದು. ಅಲ್ಲಿ ಸೈನ್, ಕೊಸೈನ್‌ಗಳು ಡಿಗ್ರಿಯನ್ನಲ್ಲ, ಕೋನದ ಇನ್ನೊಂದು ಅಳತೆಯಾದ ರೇಡಿಯನ್‌ಗಳನ್ನು ಕೇಳುತ್ತವೆ. ಡಿಗ್ರಿಯನ್ನು ಮೊದಲು ರೇಡಿಯನ್‌ಗೆ ಪರಿವರ್ತಿಸದಿದ್ದರೆ ಬರುವ ಉತ್ತರಕ್ಕೆ ಅರ್ಥವೇ ಇರುವುದಿಲ್ಲ. ಎರಡು ನಿಲ್ದಾಣಗಳು ತೀರಾ ಹತ್ತಿರದಲ್ಲಿದ್ದಾಗ ಇದೇ ದೂರವನ್ನು ಕೊಡುವ ಹ್ಯಾವರ್‌ಸೈನ್ ಎಂಬ ಇನ್ನೊಂದು ಸೂತ್ರ ಹೆಚ್ಚು ನಿಖರ, ಆದರೆ ದೂರದ ಜೋಡಿಗಳಿಗೆ ಎರಡೂ ಸೂತ್ರಗಳು ಒಂದೇ ಉತ್ತರ ಕೊಡುತ್ತವೆ. ಇನ್ನು ಭೂಮಿ ಪರಿಪೂರ್ಣ ಗೋಳವಲ್ಲ, ಸಮಭಾಜಕದಲ್ಲಿ ಅದರ ತ್ರಿಜ್ಯ 6,378 ಕಿ.ಮೀ., ಧ್ರುವದಲ್ಲಿ 6,357 ಕಿ.ಮೀ. ಇದರಿಂದ ಗೋಳದ ಲೆಕ್ಕದಲ್ಲಿ ಹೆಚ್ಚೆಂದರೆ ಶೇಕಡ ಅರ್ಧದಷ್ಟು ವ್ಯತ್ಯಾಸ ಬರಬಹುದು. 15,480 ಕಿ.ಮೀ.ಗೆ ಅದು 80 ಕಿ.ಮೀ.ಗಿಂತ ಕಡಿಮೆ, ಅಂದರೆ ಹಾರಾಟದ ಐದು ನಿಮಿಷ. ಪ್ರಯಾಣಿಕರು ಇದಕ್ಕಾಗಿ ತಲೆಕೆಡಿಸಿಕೊಳ್ಳಬೇಕಾಗಿಲ್ಲ ಎಂದು ನನ್ನ ಅಭಿಪ್ರಾಯ. ಉತ್ತರ 20,000 ಕಿ.ಮೀ.ಗಿಂತ ಗಣನೀಯವಾಗಿ ಹೆಚ್ಚಾಗಿ ಬಂದರೆ ಮಾತ್ರ ಎಲ್ಲೋ ತಪ್ಪಾಗಿದೆ ಎಂದು ತಿಳಿಯಿರಿ, ಏಕೆಂದರೆ ಭೂಮಿಯ ಮೇಲೆ ಯಾವ ಎರಡು ಸ್ಥಳಗಳೂ ಅದಕ್ಕಿಂತ ದೂರ ಇರಲಾರವು.

ನಿಜವಾಗಿ ಇರುವ ದಾರಿಯನ್ನು ಹುಡುಕುವುದು

15,480 ಕಿ.ಮೀ. ಎಂಬುದು ಎಷ್ಟು ದೊಡ್ಡ ದೂರ ಎಂಬುದಕ್ಕೆ ಒಂದು ಹೋಲಿಕೆ ಕೊಡಬಹುದು. ನಿಗದಿತ ವೇಳಾಪಟ್ಟಿಯ ಮೇಲೆ ತಡೆಯಿಲ್ಲದೆ ಹಾರುವ ವಿಮಾನಗಳಲ್ಲಿ ಅತಿ ದೂರದ್ದೆಂದು ಹೆಸರಾದ ಸಿಂಗಾಪುರ–ನ್ಯೂಯಾರ್ಕ್ ಮಾರ್ಗದ ದೂರ 15,300 ಕಿ.ಮೀ.ಗಿಂತ ಸ್ವಲ್ಪ ಹೆಚ್ಚು, ಮತ್ತು ಅದಕ್ಕಾಗಿ ವಿಶೇಷವಾಗಿ ಸಿದ್ಧಪಡಿಸಿದ ಏರ್‌ಬಸ್ ಎ350 ವಿಮಾನ ಬೇಕು. ಪ್ರಾದೇಶಿಕ ನಿಲ್ದಾಣಗಳ ನಡುವೆ ಅಂಥ ವಿಮಾನ ಓಡಿಸುವಷ್ಟು ಪ್ರಯಾಣಿಕರು ಎಂದೂ ಸಿಗುವುದಿಲ್ಲ. ಎಷ್ಟೋ ಕಡೆ ರನ್‌ವೇಯ ಉದ್ದವೂ ಸಾಲದು. ಗ್ರೀನ್‌ಲ್ಯಾಂಡಿನ ರಾಜಧಾನಿ ನೂಕ್‌ನಲ್ಲಿ 2024ರ ನವೆಂಬರಿನಲ್ಲಿ 2,200 ಮೀಟರ್ ಉದ್ದದ ಹೊಸ ರನ್‌ವೇ ತೆರೆಯುವವರೆಗೆ ದೊಡ್ಡ ಜೆಟ್ ವಿಮಾನಗಳು ಅಲ್ಲಿ ಇಳಿಯುವಂತಿರಲಿಲ್ಲ. ಪ್ರಯಾಣಿಕರು ಕಾಂಗರ್ಲುಸ್ಸುವಾಕ್‌ನಲ್ಲಿ ಇಳಿದು ಸಣ್ಣ ವಿಮಾನ ಹಿಡಿಯಬೇಕಾಗಿತ್ತು.

ಹೀಗಾಗಿ ಎರಡೂ ತುದಿಗಳಿಂದ ಕೆಲಸ ಆರಂಭಿಸಬೇಕು. ಮೊದಲ ನಿಲ್ದಾಣದಿಂದ ಯಾವ ಯಾವ ಊರಿಗೆ ನೇರ ವಿಮಾನಗಳಿವೆ ಎಂಬುದನ್ನು ಒಂದು ಹಾಳೆಯ ಎಡಗಡೆ ಬರೆಯಿರಿ, ಕೊನೆಯ ನಿಲ್ದಾಣಕ್ಕೆ ಎಲ್ಲೆಲ್ಲಿಂದ ನೇರ ವಿಮಾನ ಬರುತ್ತದೆ ಎಂಬುದನ್ನು ಬಲಗಡೆ ಬರೆಯಿರಿ. ಎರಡೂ ಪಟ್ಟಿಗಳಲ್ಲಿ ಒಂದೇ ಊರು ಕಂಡುಬಂದರೆ ಒಂದೇ ಕಡೆ ವಿಮಾನ ಬದಲಿಸಿ ಮುಗಿಸಬಹುದು. ಕಾಣದಿದ್ದರೆ ಎಡಗಡೆಯ ದೊಡ್ಡ ನಗರವನ್ನು ಬಲಗಡೆಯ ದೊಡ್ಡ ನಗರದೊಂದಿಗೆ ಜೋಡಿಸುವ ಮಾರ್ಗವನ್ನು ಹುಡುಕಬೇಕು. ಟ್ರೋಮ್ಸೊದಿಂದ ಎಡಗಡೆ ಮುಖ್ಯವಾಗಿ ಬರುವುದು ಓಸ್ಲೊ. ಉಶುವಾಯದ ಬಲಗಡೆ ಮುಖ್ಯವಾಗಿ ಬರುವುದು ಬ್ವೆನಸ್ ಐರಿಸ್. ಇವೆರಡರ ನಡುವೆ ಯುರೋಪಿನ ಯಾವುದಾದರೂ ಒಂದು ದೊಡ್ಡ ನಗರ ಬೇಕು. ಮ್ಯಾಡ್ರಿಡ್ ಅದಕ್ಕೆ ಅನುಕೂಲಕರವಾಗಿದೆ. ಆಗ ನಾಲ್ಕು ಹಂತಗಳ ದೂರ ಹೀಗಾಗುತ್ತದೆ: ಟ್ರೋಮ್ಸೊ–ಓಸ್ಲೊ 1,115 ಕಿ.ಮೀ., ಓಸ್ಲೊ–ಮ್ಯಾಡ್ರಿಡ್ 2,415, ಮ್ಯಾಡ್ರಿಡ್–ಬ್ವೆನಸ್ ಐರಿಸ್ 10,085, ಬ್ವೆನಸ್ ಐರಿಸ್–ಉಶುವಾಯ 2,381. ಒಟ್ಟು 15,996 ಕಿ.ಮೀ.

ನೇರ ದೂರಕ್ಕಿಂತ ಇದು 500 ಕಿ.ಮೀ.ನಷ್ಟೇ ಹೆಚ್ಚು, ಅಂದರೆ ಶೇಕಡ ಮೂರರ ಆಸುಪಾಸು. ಇಷ್ಟೊಂದು ಕಡೆ ಇಳಿದು ಹತ್ತಿದರೂ ಸುತ್ತು ಬಹಳ ಕಡಿಮೆ ಎಂಬುದು ಗಮನಾರ್ಹ. ಎಲ್ಲ ಜೋಡಿಗಳಿಗೂ ಈ ಅದೃಷ್ಟ ಇರುವುದಿಲ್ಲ. ಕೆನಡಾದ ಬಾಫಿನ್ ದ್ವೀಪದಲ್ಲಿರುವ ಇಕಾಲುಯಿಟ್‌ನಿಂದ ಸಮುದ್ರದಾಚೆಯ ನೂಕ್‌ಗೆ ನೇರ ದೂರ ಕೇವಲ 823 ಕಿ.ಮೀ.; ಸಣ್ಣ ಟರ್ಬೊಪ್ರಾಪ್ (ಪ್ರೊಪೆಲ್ಲರ್) ವಿಮಾನಕ್ಕೂ ಎರಡು ಗಂಟೆಯ ಕೆಲಸ. ಆದರೆ ಇವೆರಡರ ನಡುವೆ ನೇರ ವಿಮಾನ ಇಲ್ಲದ ಕಾಲದಲ್ಲಿ ಇಕಾಲುಯಿಟ್‌ನಿಂದ ದಕ್ಷಿಣಕ್ಕೆ ಒಟಾವಾ, ಅಲ್ಲಿಂದ ಟೊರಾಂಟೊ, ಅಲ್ಲಿಂದ ಅಟ್ಲಾಂಟಿಕ್ ದಾಟಿ ಐಸ್‌ಲ್ಯಾಂಡಿನ ಕೆಫ್ಲಾವಿಕ್, ಅಲ್ಲಿಂದ ಮತ್ತೆ ಪಶ್ಚಿಮಕ್ಕೆ ತಿರುಗಿ ನೂಕ್ ತಲುಪುವ ದಾರಿ ಹಿಡಿಯಬೇಕಾಗುತ್ತದೆ. ಈ ಸುತ್ತು 8,000 ಕಿ.ಮೀ. ಮೀರುತ್ತದೆ, ನೇರ ದೂರದ ಸುಮಾರು ಹತ್ತು ಪಟ್ಟು. ಗಮ್ಯಸ್ಥಾನವನ್ನು ದಾಟಿ ಮುಂದೆ ಹೋಗಿ ಇಳಿದು ಹಿಂದಿರುಗುವ ಇಂಥ ಪ್ರಯಾಣದಲ್ಲಿ ನೇರ ದೂರದ ಸಂಖ್ಯೆಯಿಂದ ಯಾವ ಪ್ರಯೋಜನವೂ ಇಲ್ಲ. ಆದ್ದರಿಂದ ಹಂತ ಹಂತದ ಮೊತ್ತವನ್ನು ನೇರ ದೂರದಿಂದ ಭಾಗಿಸಿ ನೋಡುವ ಅಭ್ಯಾಸ ಒಳ್ಳೆಯದು. ಅದು ಒಂದೂಕಾಲು ದಾಟಿದರೆ ಬೇರೆ ದಾರಿ ಇದೆಯೇ ಎಂದು ಮತ್ತೊಮ್ಮೆ ಹುಡುಕಿ.

ಹಾರಾಟದ ಅವಧಿ

ಪ್ರತಿ ಹಂತದಲ್ಲಿ ಯಾವ ಬಗೆಯ ವಿಮಾನ ಹಾರುತ್ತದೆ ಎಂಬುದನ್ನು ಮೊದಲು ತಿಳಿದುಕೊಳ್ಳಬೇಕು. ಪ್ರಾದೇಶಿಕ ನಿಲ್ದಾಣಗಳಲ್ಲಿ ಹೆಚ್ಚಾಗಿ ಕಾಣುವ ಎಟಿಆರ್ 72 ಎಂಬ ಟರ್ಬೊಪ್ರಾಪ್ ವಿಮಾನ ಗಂಟೆಗೆ ಸುಮಾರು 510 ಕಿ.ಮೀ. ವೇಗದಲ್ಲಿ ಹಾರುತ್ತದೆ, ಏರ್‌ಬಸ್ ಎ320 ಮತ್ತು ಬೋಯಿಂಗ್ 737 ಸುಮಾರು 830 ಕಿ.ಮೀ.; ದೂರದ ಮಾರ್ಗಗಳ ಬೋಯಿಂಗ್ 787, ಏರ್‌ಬಸ್ ಎ350 ಸುಮಾರು 900 ಕಿ.ಮೀ. ಹಂತದ ದೂರವನ್ನು ಈ ವೇಗದಿಂದ ಭಾಗಿಸಿ, ಜೆಟ್ ವಿಮಾನಕ್ಕೆ 40 ನಿಮಿಷ, ಟರ್ಬೊಪ್ರಾಪ್‌ಗೆ 30 ನಿಮಿಷ ಸೇರಿಸಿ. ವೇಳಾಪಟ್ಟಿಯಲ್ಲಿ ಇರುವ ಹೊರಡುವ ಹೊತ್ತು ವಿಮಾನ ನೆಲ ಬಿಡುವ ಹೊತ್ತಲ್ಲ, ನಿಂತ ಜಾಗದಿಂದ ಕದಲುವ ಹೊತ್ತು. ತಲುಪುವ ಹೊತ್ತೂ ಹಾಗೆಯೇ, ಗೇಟಿನ ಬಳಿ ಬಂದು ನಿಲ್ಲುವ ಹೊತ್ತು. ರನ್‌ವೇವರೆಗಿನ ಟ್ಯಾಕ್ಸಿ, ಸರದಿಯಲ್ಲಿ ಕಾಯುವಿಕೆ, ನಿಧಾನವಾಗಿ ಏರುವುದು, ಇಳಿಯುವುದು ಎಲ್ಲವೂ ಆ 40 ನಿಮಿಷದೊಳಗೆ ಸೇರುತ್ತವೆ.

ನಮ್ಮ ನಾಲ್ಕು ಹಂತಗಳಿಗೆ ಈ ಲೆಕ್ಕ ಅನುಕ್ರಮವಾಗಿ 2 ಗಂಟೆ 1 ನಿಮಿಷ, 3 ಗಂಟೆ 35 ನಿಮಿಷ, 11 ಗಂಟೆ 52 ನಿಮಿಷ, 3 ಗಂಟೆ 32 ನಿಮಿಷ ಎಂದಾಗಿ ಒಟ್ಟು 21 ಗಂಟೆ ಬರುತ್ತದೆ. ಇದು ಗಾಳಿಯೇ ಇಲ್ಲದ ಆಕಾಶದ ಲೆಕ್ಕ.

ಗಾಳಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಅವಧಿಯ ಮಾತು ಪೂರ್ಣವಾಗುವುದಿಲ್ಲ. ಭೂಮಿಯಿಂದ ಸುಮಾರು 9ರಿಂದ 12 ಕಿ.ಮೀ. ಎತ್ತರದಲ್ಲಿ, ಅಂದರೆ ಜೆಟ್ ವಿಮಾನಗಳು ಹಾರುವ ಎತ್ತರದಲ್ಲೇ, ಮಧ್ಯ ಅಕ್ಷಾಂಶಗಳ ಮೇಲೆ ಪಶ್ಚಿಮದಿಂದ ಪೂರ್ವಕ್ಕೆ ಜೆಟ್ ಸ್ಟ್ರೀಮ್ ಎಂಬ ವೇಗದ ಗಾಳಿ ಬೀಸುತ್ತದೆ. ಚಳಿಗಾಲದಲ್ಲಿ ಅದರ ಬಲ ಹೆಚ್ಚು. 2020ರ ಫೆಬ್ರುವರಿಯಲ್ಲಿ ಬ್ರಿಟಿಷ್ ಏರ್‌ವೇಸ್‌ನ ಬೋಯಿಂಗ್ 747 ನ್ಯೂಯಾರ್ಕ್‌ನಿಂದ ಲಂಡನ್ನಿಗೆ 4 ಗಂಟೆ 56 ನಿಮಿಷದಲ್ಲಿ ತಲುಪಿತು. ಇದೇ ದಾರಿಯನ್ನು ಲಂಡನ್ನಿನಿಂದ ಪಶ್ಚಿಮಕ್ಕೆ ಹಾರಲು ಸಾಮಾನ್ಯವಾಗಿ ಎಂಟು ಗಂಟೆಯ ಆಸುಪಾಸು ಬೇಕು. ದೂರ ಒಂದೇ, ವಿಮಾನದ ಬಲವೂ ಒಂದೇ.

ಎದುರುಗಾಳಿಯಿಂದ ಆಗುವ ನಷ್ಟ ಮತ್ತು ಬೆನ್ನಿನ ಗಾಳಿಯಿಂದ ಆಗುವ ಲಾಭ ಸಮನಾಗಿರುವುದಿಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು. 10,085 ಕಿ.ಮೀ. ದೂರಕ್ಕೆ 900 ಕಿ.ಮೀ. ವೇಗದಲ್ಲಿ 11 ಗಂಟೆ 12 ನಿಮಿಷ. ಗಂಟೆಗೆ 100 ಕಿ.ಮೀ. ಎದುರುಗಾಳಿ ಇದ್ದರೆ ನೆಲದ ಮೇಲಿನ ವೇಗ 800ಕ್ಕೆ ಇಳಿದು 12 ಗಂಟೆ 36 ನಿಮಿಷವಾಗುತ್ತದೆ. 84 ನಿಮಿಷ ಹೆಚ್ಚು. ಅಷ್ಟೇ ಬಲದ ಗಾಳಿ ಬೆನ್ನಿಗಿದ್ದರೆ 10 ಗಂಟೆ 5 ನಿಮಿಷ. ಉಳಿಯುವುದು 67 ನಿಮಿಷ ಮಾತ್ರ. ಹೋಗಿಬರುವ ಪ್ರಯಾಣದಲ್ಲಿ ಗಾಳಿಯ ಪರಿಣಾಮ ಸರಿತೂಗಿ ಹೋಗುತ್ತದೆ ಎಂದು ಭಾವಿಸುವುದು ಆದ್ದರಿಂದ ತಪ್ಪು.

ದಾರಿ ಬದಲಾಗುವುದಕ್ಕೆ ಗಾಳಿಯೊಂದೇ ಕಾರಣವಲ್ಲ. 2022ರಲ್ಲಿ ರಷ್ಯಾದ ವಾಯುಪ್ರದೇಶ ಯುರೋಪಿನ ವಿಮಾನಗಳಿಗೆ ಮುಚ್ಚಿದ ಮೇಲೆ ಹೆಲ್ಸಿಂಕಿಯಿಂದ ಟೋಕಿಯೊಗೆ ಒಂಬತ್ತು ಚಿಲ್ಲರೆ ಗಂಟೆಯಲ್ಲಿ ಮುಗಿಯುತ್ತಿದ್ದ ಹಾರಾಟ ಸುಮಾರು 13 ಗಂಟೆಗೆ ಏರಿತು. ಅವೆರಡರ ನಡುವಿನ ದೂರ ಆಗಲೂ ಈಗಲೂ ಸುಮಾರು 7,800 ಕಿ.ಮೀ.ಯೇ. ಆದ್ದರಿಂದ ಹಳೆಯ ಅವಧಿಯ ಅಂಕಿಗಳನ್ನು ಹಾಗೆಯೇ ಒಪ್ಪಿಕೊಳ್ಳದೆ, ನೀವು ಹೊರಡುವ ತಿಂಗಳಿನ ವೇಳಾಪಟ್ಟಿಯೊಂದಿಗೆ ಹೋಲಿಸಿ ನೋಡಬೇಕು. ನಿಮ್ಮ ಲೆಕ್ಕಕ್ಕೂ ವೇಳಾಪಟ್ಟಿಗೂ ಶೇಕಡ ಹತ್ತರೊಳಗಿನ ವ್ಯತ್ಯಾಸವಿದ್ದರೆ ಅದು ಗಾಳಿಗೂ ವಿಮಾನ ಸಂಸ್ಥೆಗಳು ತಡವಾಗದಿರಲೆಂದು ಮೊದಲೇ ಇಟ್ಟುಕೊಳ್ಳುವ ಹೆಚ್ಚುವರಿ ನಿಮಿಷಗಳಿಗೂ ಸೇರಿದ್ದು. ಅದಕ್ಕಿಂತ ಬಹಳ ಹೆಚ್ಚಿದ್ದರೆ ನಡುವೆ ಎಲ್ಲೋ ಇಳಿದು ಹೋಗುವ ವಿಮಾನವಾಗಿರಬಹುದು, ಪರಿಶೀಲಿಸಿ.

ನೆಲದ ಮೇಲೆ ಕಳೆಯುವ ಹೊತ್ತು

ಪ್ರಾದೇಶಿಕ ನಿಲ್ದಾಣಗಳ ನಡುವಿನ ಪ್ರಯಾಣದ ಅವಧಿ ನಿಜವಾಗಿ ತೀರ್ಮಾನವಾಗುವುದು ಇಲ್ಲಿ. ಮುಂದೆ ಕೊಟ್ಟಿರುವ ವೇಳೆಗಳು ಯಾವುದೇ ಸಂಸ್ಥೆಯ ವೇಳಾಪಟ್ಟಿಯಲ್ಲ, ಲೆಕ್ಕವನ್ನು ತೋರಿಸಲು ಇಟ್ಟುಕೊಂಡವು.

ಚಳಿಗಾಲದ ಒಂದು ಸೋಮವಾರ ಮಧ್ಯಾಹ್ನ 2 ಗಂಟೆಗೆ ಟ್ರೋಮ್ಸೊದಿಂದ ಹೊರಟು 3.55ಕ್ಕೆ ಓಸ್ಲೊ ತಲುಪುತ್ತೀರಿ. ಮುಂದಿನ ವಿಮಾನ ಸಂಜೆ 6ಕ್ಕೆ, ಅಂದರೆ 2 ಗಂಟೆ 5 ನಿಮಿಷ ಕಾಯಬೇಕು. ರಾತ್ರಿ 9.45ಕ್ಕೆ ಮ್ಯಾಡ್ರಿಡ್. ನಾರ್ವೆ ಮತ್ತು ಸ್ಪೇನ್ ಎರಡೂ, ಒಳಗಡೆ ಗಡಿ ತಪಾಸಣೆ ಇಲ್ಲದ ಯುರೋಪಿನ ಶೆಂಗೆನ್ ವಲಯದಲ್ಲಿರುವುದರಿಂದ ಪಾಸ್‌ಪೋರ್ಟ್ ತಪಾಸಣೆ ಓಸ್ಲೊದಲ್ಲಿ ಆಗುವುದಿಲ್ಲ, ವಲಯದಿಂದ ಹೊರಬೀಳುವ ಮ್ಯಾಡ್ರಿಡ್‌ನಲ್ಲಿ ಆಗುತ್ತದೆ. ಆ ಸರದಿಗೆ ಬೇಕಾದ ಹೊತ್ತನ್ನು ಮ್ಯಾಡ್ರಿಡ್‌ನ ಖಾತೆಗೇ ಹಾಕಬೇಕು. ರಾತ್ರಿ 11.55ಕ್ಕೆ ಅಲ್ಲಿಂದ ಹೊರಟ ವಿಮಾನ 12 ಗಂಟೆ 45 ನಿಮಿಷ ಹಾರಿ ಮಂಗಳವಾರ ಬೆಳಿಗ್ಗೆ ಅಲ್ಲಿನ ಗಡಿಯಾರದಲ್ಲಿ 8.40ಕ್ಕೆ ಬ್ವೆನಸ್ ಐರಿಸ್‌ನ ಎಸೇಸಾ ನಿಲ್ದಾಣದಲ್ಲಿ ಇಳಿಯುತ್ತದೆ.

ಇಲ್ಲಿ ಒಂದು ಕಟ್ಟೆಚ್ಚರ ಬೇಕು. ಬ್ವೆನಸ್ ಐರಿಸ್‌ನಲ್ಲಿ ಎರಡು ವಿಮಾನ ನಿಲ್ದಾಣಗಳಿವೆ. ದೂರದ ಅಂತರರಾಷ್ಟ್ರೀಯ ವಿಮಾನಗಳು ಇಳಿಯುವುದು ಎಸೇಸಾದಲ್ಲಿ. ದೇಶದೊಳಗಿನ ವಿಮಾನಗಳಲ್ಲಿ ಹೆಚ್ಚಿನವು ಹೊರಡುವುದು ನದಿಯ ದಂಡೆಯ ಏರೋಪಾರ್ಕೆಯಿಂದ. ಎರಡರ ನಡುವೆ ಗೆರೆ ಎಳೆದಂತೆ ಅಳೆದರೂ 31 ಕಿ.ಮೀ. ಇದ್ದು, ರಸ್ತೆಯಲ್ಲಿ ಇನ್ನೂ ಹೆಚ್ಚು. ವಲಸೆ ತಪಾಸಣೆ ಮುಗಿಸಿ, ಲಗೇಜ್ ತೆಗೆದುಕೊಂಡು, ಕಸ್ಟಮ್ಸ್ ದಾಟಿ, ಮಹಾನಗರದ ವಾಹನ ದಟ್ಟಣೆಯನ್ನು ಹಾದುಹೋಗಿ, ಅಲ್ಲಿ ಮತ್ತೆ ಚೆಕ್-ಇನ್ ಮಾಡಬೇಕು. ಇದಕ್ಕೆ ನಾಲ್ಕು ಗಂಟೆಗಿಂತ ಕಡಿಮೆ ಇಟ್ಟುಕೊಳ್ಳುವುದು ನನಗೆ ಸರಿಕಾಣುವುದಿಲ್ಲ. ನಗರದ ಹೆಸರು ಒಂದೇ ಆಗಿರುವುದರಿಂದ ಈ ಬದಲಾವಣೆ ಟಿಕೆಟಿನ ಮೇಲೆ ಕಣ್ಣಿಗೆ ಬೀಳದೆ ಹೋಗಬಹುದು, ಆದರೆ ಮೂರಕ್ಷರದ ಸಂಕೇತ ನೋಡಿದರೆ ಗೊತ್ತಾಗುತ್ತದೆ. ಎಸೇಸಾದ್ದು ಇಝಡ್‌ಇ ಎಂದೂ ಏರೋಪಾರ್ಕೆಯದ್ದು ಎಇಪಿ ಎಂದೂ ಇರುತ್ತದೆ. ಇಳಿಯುವ ಸಂಕೇತ ಮತ್ತು ಮತ್ತೆ ಹತ್ತುವ ಸಂಕೇತ ಒಂದೇ ಆಗಿದೆಯೇ ಎಂದು ಪ್ರತಿ ಹಂತದಲ್ಲೂ ಬೆರಳಿಟ್ಟು ನೋಡಬೇಕು.

ಏರೋಪಾರ್ಕೆಯಿಂದ ಮಧ್ಯಾಹ್ನ 1.30ಕ್ಕೆ ಹೊರಟರೆ ಸಂಜೆ 5.05ಕ್ಕೆ ಉಶುವಾಯ. ಈಗ ಕೂಡಿಸಿ. ಹಾರಾಟ (ಗಂಟೆ.ನಿಮಿಷ) 1.55, 3.45, 12.45, 3.35 ಸೇರಿ ಸರಿಯಾಗಿ 22 ಗಂಟೆ. ಕಾಯುವಿಕೆ 2.05, 2.10, 4.50 ಸೇರಿ 9 ಗಂಟೆ 5 ನಿಮಿಷ. ಒಟ್ಟು 31 ಗಂಟೆ 5 ನಿಮಿಷ. ಮೊದಲು ಬಂದ 17 ಗಂಟೆಯ ಪಕ್ಕದಲ್ಲಿ ಇದನ್ನು ಇಟ್ಟು ನೋಡಿ: ಸುತ್ತಿನಿಂದ ಹೆಚ್ಚಾದ 500 ಕಿ.ಮೀ.ಗೆ ತಗಲುವುದು ಅರ್ಧ ಗಂಟೆಗಿಂತ ಸ್ವಲ್ಪ ಹೆಚ್ಚು ಮಾತ್ರ; ಉಳಿದದ್ದೆಲ್ಲ ನಾಲ್ಕು ಬಾರಿ ಏರಿ ಇಳಿದದ್ದಕ್ಕೆ, ಗಾಳಿಗೆ ಮತ್ತು ಎಲ್ಲಕ್ಕಿಂತ ಹೆಚ್ಚಾಗಿ ನೆಲದ ಮೇಲೆ ಕಾದದ್ದಕ್ಕೆ.

ನಡುವಿನ ಕಾಯುವಿಕೆಯನ್ನು ಕಡಿಮೆ ಮಾಡುವ ಆಸೆ ಸಹಜ, ಆದರೆ ಅದನ್ನು ಎಷ್ಟಕ್ಕೆ ಇಳಿಸಬಹುದು ಎಂಬುದು ಟಿಕೆಟ್ ಒಂದೇ ಬುಕಿಂಗಿನಲ್ಲಿದೆಯೇ ಎಂಬುದರ ಮೇಲೆ ನಿಂತಿದೆ. ಎಲ್ಲ ಹಂತಗಳೂ ಒಂದೇ ಬುಕಿಂಗಿನಲ್ಲಿದ್ದರೆ, ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದಾಗ ಮುಂದಿನ ವಿಮಾನದಲ್ಲಿ ಕಳುಹಿಸುವ ಹೊಣೆ ಸಂಸ್ಥೆಯದ್ದಾಗಿರುತ್ತದೆ. ಬೇರೆ ಬೇರೆ ಟಿಕೆಟ್ ಕೊಂಡಿದ್ದರೆ ಎರಡನೆಯ ಸಂಸ್ಥೆಯ ಲೆಕ್ಕದಲ್ಲಿ ನೀವು ಬರಲೇ ಇಲ್ಲ, ಅಷ್ಟೇ. ಹೊಸ ಟಿಕೆಟಿನ ಖರ್ಚು ನಿಮ್ಮದು. ಟ್ರೋಮ್ಸೊದಲ್ಲಿ ಹಿಮ, ಉಶುವಾಯದಲ್ಲಿ ಬಿರುಗಾಳಿ ಸಾಮಾನ್ಯ ಸಂಗತಿಗಳು. ಇಂಥ ನಿಲ್ದಾಣಗಳಲ್ಲಿ ಬಿಗಿಯಾದ ಜೋಡಣೆಯನ್ನು ನೆಚ್ಚಿಕೊಳ್ಳಬಾರದು.

ಇನ್ನೊಂದು ಪ್ರಶ್ನೆ, ವಿಮಾನ ಪ್ರತಿದಿನ ಇದೆಯೇ ಎಂಬುದು. ದಕ್ಷಿಣ ಅಟ್ಲಾಂಟಿಕ್‌ನ ಸೇಂಟ್ ಹೆಲೆನಾ ದ್ವೀಪಕ್ಕೆ 2017ರ ಅಕ್ಟೋಬರಿನಲ್ಲಿ ನಿಗದಿತ ವಿಮಾನ ಸಂಚಾರ ಆರಂಭವಾಯಿತು. ಅದಕ್ಕೂ ಮೊದಲು ಕೇಪ್ ಟೌನ್‌ನಿಂದ ಐದಾರು ದಿನ ಹಡಗಿನಲ್ಲಿ ಹೋಗಬೇಕಿತ್ತು. ಜೊಹಾನ್ಸ್‌ಬರ್ಗ್‌ನಿಂದ ಅಲ್ಲಿಗೆ ವರ್ಷದ ಹೆಚ್ಚಿನ ಕಾಲ ವಾರಕ್ಕೊಂದೇ ವಿಮಾನ. ಅದು ತಪ್ಪಿದವರಿಗೆ ಪ್ರಯಾಣದ ಅವಧಿ ಗಂಟೆಗಳಲ್ಲಲ್ಲ, ದಿನಗಳಲ್ಲಿ ಹೆಚ್ಚುತ್ತದೆ. ವಾರದಲ್ಲಿ ಕೆಲವೇ ದಿನ ವಿಮಾನ ಇರುವ ಹಂತ ಯಾವುದೋ ಅದನ್ನು ಮೊದಲು ಗೊತ್ತುಮಾಡಿಕೊಂಡು, ಉಳಿದ ಹಂತಗಳನ್ನು ಅದಕ್ಕೆ ಹೊಂದಿಸಬೇಕು. ಹೊರಡುವ ಊರಿನಿಂದ ಮುಂದಕ್ಕೆ ಜೋಡಿಸುತ್ತ ಹೋಗುವುದಕ್ಕಿಂತ ಈ ಕ್ರಮ ಹೆಚ್ಚು ಫಲಕಾರಿ.

ಗಡಿಯಾರದ ವ್ಯತ್ಯಾಸ

ಟಿಕೆಟಿನ ಮೇಲಿನ ಎಲ್ಲ ವೇಳೆಗಳೂ ಆಯಾ ಊರಿನ ಸ್ಥಳೀಯ ವೇಳೆಗಳು. ಸೋಮವಾರ ಮಧ್ಯಾಹ್ನ 2ರಿಂದ ಮಂಗಳವಾರ ಸಂಜೆ 5.05ರವರೆಗೆ ಎಣಿಸಿದರೆ 27 ಗಂಟೆ 5 ನಿಮಿಷ ಮಾತ್ರ ಸಿಗುತ್ತದೆ, ಏಕೆಂದರೆ ಚಳಿಗಾಲದ ನಾರ್ವೆ ಜಾಗತಿಕ ಪ್ರಮಾಣ ವೇಳೆಗಿಂತ ಒಂದು ಗಂಟೆ ಮುಂದಿದೆ, ಅರ್ಜೆಂಟೀನಾ ಮೂರು ಗಂಟೆ ಹಿಂದಿದೆ. ಪಶ್ಚಿಮಕ್ಕೆ ಹೋಗುವಾಗ ಈ ನಾಲ್ಕು ಗಂಟೆಯನ್ನು ಕೂಡಿಸಬೇಕು. ಆಗ ಮತ್ತೆ 31 ಗಂಟೆ 5 ನಿಮಿಷ ಬರುತ್ತದೆ; ಹಂತಗಳನ್ನು ಕೂಡಿಸಿ ಪಡೆದ ಉತ್ತರಕ್ಕೆ ಇದು ತಾಳೆಯಾಗಲೇಬೇಕು. ತಾಳೆಯಾಗದಿದ್ದರೆ ಎಲ್ಲೋ ಒಂದು ಕಡೆ ಗಡಿಯಾರ ತಪ್ಪಾಗಿ ಓದಿದ್ದೀರಿ ಎಂದರ್ಥ.

ಮಾರ್ಚ್ ತಿಂಗಳ ಕೊನೆಯ ಭಾನುವಾರದಿಂದ ಅಕ್ಟೋಬರ್ ತಿಂಗಳ ಕೊನೆಯ ಭಾನುವಾರದವರೆಗೆ ನಾರ್ವೆಯಲ್ಲಿ ಗಡಿಯಾರ ಇನ್ನೊಂದು ಗಂಟೆ ಮುಂದಕ್ಕೆ ಹೋಗುತ್ತದೆ. ಅರ್ಜೆಂಟೀನಾದಲ್ಲಿ ವರ್ಷವಿಡೀ ಒಂದೇ ವೇಳೆ. ಆದ್ದರಿಂದ ಬೇಸಿಗೆಯಲ್ಲಿ ವ್ಯತ್ಯಾಸ ಐದು ಗಂಟೆ. ಪ್ರಯಾಣದ ದಿನಾಂಕ ತಿಳಿಯದೆ ಈ ವ್ಯತ್ಯಾಸವನ್ನು ಬರೆಯಬಾರದು. ಅಂತರರಾಷ್ಟ್ರೀಯ ದಿನಾಂಕ ರೇಖೆ ದಾಟುವ ಜೋಡಿಗಳಲ್ಲಂತೂ ದಿನವೇ ಬದಲಾಗುತ್ತದೆ. ಸಮೋವಾದ ಫಲೆಯೊಲೊ ನಿಲ್ದಾಣಕ್ಕೂ ಅಮೆರಿಕನ್ ಸಮೋವಾದ ಪಾಗೊ ಪಾಗೊಗೂ ನಡುವಿನ ದೂರ ಸುಮಾರು 150 ಕಿ.ಮೀ. ಆದರೆ ಸಮೋವಾ 2011ರ ಡಿಸೆಂಬರಿನಲ್ಲಿ ರೇಖೆಯ ಇನ್ನೊಂದು ಬದಿಗೆ ಸರಿದುಕೊಂಡ ಮೇಲೆ ಎರಡರ ನಡುವೆ ಪೂರ್ತಿ 24 ಗಂಟೆಯ ವ್ಯತ್ಯಾಸವಿದೆ. ಮಂಗಳವಾರ ಬೆಳಿಗ್ಗೆ ಒಂದು ಕಡೆಯಿಂದ ಹೊರಟವರು ಮುಕ್ಕಾಲು ಗಂಟೆಯೊಳಗೆ ಇನ್ನೊಂದು ಕಡೆ ಸೋಮವಾರ ಬೆಳಿಗ್ಗೆ ಇಳಿಯುತ್ತಾರೆ. ಇಂಥ ಕಡೆ ಎರಡೂ ವೇಳೆಗಳನ್ನು ಮೊದಲು ಜಾಗತಿಕ ಪ್ರಮಾಣ ವೇಳೆಗೆ ತಿರುಗಿಸಿ ಬಳಿಕ ಕಳೆಯುವುದೇ ಸುರಕ್ಷಿತ ಮಾರ್ಗ.

ಮರುಪ್ರಯಾಣದ ಅವಧಿಯನ್ನು ಹೋಗುವಾಗಿನ ಅವಧಿಯಿಂದ ಊಹಿಸದೆ ಹೊಸದಾಗಿ ಲೆಕ್ಕ ಹಾಕಬೇಕು. ಉಶುವಾಯದಿಂದ ಬರುವಾಗ ಗಡಿಯಾರದ ಅಂತರದಿಂದ ನಾಲ್ಕು ಗಂಟೆ ಕಳೆಯಬೇಕಾಗುತ್ತದೆ, ಬ್ವೆನಸ್ ಐರಿಸ್–ಮ್ಯಾಡ್ರಿಡ್ ಹಾರಾಟ ಹೋಗುವಾಗಿಗಿಂತ ಸಾಮಾನ್ಯವಾಗಿ ಸ್ವಲ್ಪ ಬೇಗ ಮುಗಿಯುತ್ತದೆ, ಮತ್ತು ಪಾಸ್‌ಪೋರ್ಟ್ ತಪಾಸಣೆ, ನಿಲ್ದಾಣ ಬದಲಾವಣೆಗಳು ಹಿಂದುಮುಂದಾಗಿ ಬರುತ್ತವೆ. ಏರೋಪಾರ್ಕೆಯಲ್ಲಿ ಇಳಿದು ಎಸೇಸಾದಲ್ಲಿ ಅಂತರರಾಷ್ಟ್ರೀಯ ವಿಮಾನ ಹತ್ತಬೇಕಾದಾಗ ಚೆಕ್-ಇನ್ ಮುಚ್ಚುವ ಹೊತ್ತು ದೇಶೀಯ ವಿಮಾನಕ್ಕಿಂತ ಬೇಗ ಬರುವುದರಿಂದ, ಹೋಗುವಾಗ ಇಟ್ಟುಕೊಂಡ 4 ಗಂಟೆ 50 ನಿಮಿಷಕ್ಕೆ ಇನ್ನೊಂದು ಗಂಟೆಯನ್ನಾದರೂ ಸೇರಿಸಿಕೊಳ್ಳಿ.